ಬಾಳೆನಾರಿನ ಗಂಟು

ಹೋದ ಶುಕ್ರವಾರ ಸೊಸೆ ಮಲ್ಲಿಗೆ ಮೊಗ್ಗು ತಂದು ನನ್ನ ಮುಂದೆ ಸುರಿದು, ಕಟ್ಟುವುದಕ್ಕೆ ದಾರದ ಉಂಡೆಯನ್ನೂ ಇಟ್ಟಳು. ದಾರದಲ್ಲಿ ಕಟ್ಟಿದರೆ ಹೂವು ನಲುಗುತ್ತೆ, ಬಾಳೆನಾರು ಇದ್ದರೆ ಕೊಡೇ ಎಂದೆ. ಹಿತ್ತಲಲ್ಲಿ ಒಣಗಿದ್ದ ಬಾಳೆಪಟ್ಟೆಯನ್ನು ಸೀಳಿ, ನೀರಲ್ಲಿ ನೆನೆಸಿ ತಂದಳು. ನೆನೆದ ನಾರಿನ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಕೈ ನಿಂತುಹೋಯಿತು. "ಏನಾಯ್ತತ್ತೆ?" ಎಂದಳು. ಏನಿಲ್ಲ, ಕಣ್ಣು ಮಂಜು ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಚಿಕ್ಕಂದಿನಿಂದಲೂ ಚುರುಕು. ಆ ಚುರುಕಿನಿಂದ ಏನಾಯಿತು ಎಂಬುದನ್ನೇ ಈಗ ಬರೆಯಲು ಕುಳಿತಿದ್ದೇನೆ.

ಎರಡನೇ ಮಹಾಯುದ್ಧ ಶುರುವಾಗಿತ್ತು. ಬಟ್ಟೆಗೆ ಇನ್ನೂ ಸರ್ಕಾರದ ಕಂಟ್ರೋಲು ಬಂದಿರಲಿಲ್ಲ, ಬಸ್ಸುಗಳು ಮಾತ್ರ ಆಗಲೇ ಇದ್ದಿಲಿನ ಗ್ಯಾಸಿನಲ್ಲಿ ಏದುಸಿರು ಬಿಡುತ್ತಾ ಓಡುತ್ತಿದ್ದವು. ಅಪ್ಪ ಕೋಲಾರದ ಕಡೆ ಕೆಲಸದಲ್ಲಿದ್ದರು. ನನಗೆ ಗಂಡು ಗೊತ್ತಾಗುವವರೆಗೆ ಇರಲಿ ಎಂದು ನನ್ನನ್ನು ದೊಡ್ಡಬಳ್ಳಾಪುರದ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪನದು ಜವಳಿ ವ್ಯಾಪಾರ. ದೊಡ್ಡಬಳ್ಳಾಪುರದಲ್ಲಿ ಒಂದು ಅಂಗಡಿ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲಿ ಒಂದೊಂದು. ನಾಲ್ಕಕ್ಕೂ ಒಂದೇ ಬಣ್ಣದ ಬಾಗಿಲು, ಒಂದೊಂದರಲ್ಲೂ ಒಬ್ಬ ಗುಮಾಸ್ತ.

ಯಾವ ಅಂಗಡಿ ಏಳುತ್ತಿದೆ, ಯಾವುದು ಕೂತಿದೆ ಎಂದು ಅಳೆಯುವುದು ದೊಡ್ಡಪ್ಪನಿಗೆ ಊಟಕ್ಕಿಂತ ಹೆಚ್ಚು. ಎಷ್ಟು ಮಾರಿತು ಎಂದು ಎಲ್ಲ ಸಾಹುಕಾರರೂ ನೋಡುತ್ತಾರೆ. ಇವರು ಎಷ್ಟು ಮಾರಲಿಲ್ಲ ಎಂದೂ ನೋಡುತ್ತಿದ್ದರು. ಅದಕ್ಕೊಂದು ಉಪಾಯ ಮಾಡಿದ್ದರು. ಅಂಗಡಿಗೆ ಬಂದು ಬರಿಗೈಲಿ ಹೋದ ಪ್ರತಿಯೊಬ್ಬ ಗಿರಾಕಿಯ ಲೆಕ್ಕಕ್ಕೂ ಗುಮಾಸ್ತ ಒಂದು ಹುಣಸೆಬೀಜವನ್ನು ಕುಡಿಕೆಗೆ ಹಾಕಬೇಕು. ಅಮಾವಾಸ್ಯೆಯ ದಿನ ಅಂಗಡಿ ರಜ. ಅಂದು ನಾಲ್ಕೂ ಕುಡಿಕೆಗಳು ನಮ್ಮ ಜಗುಲಿಗೆ ಬರುತ್ತಿದ್ದವು.

ದೇವನಹಳ್ಳಿಯ ಕುಡಿಕೆ ಮಾತ್ರ ಯಾವಾಗಲೂ ಗಂಟಲವರೆಗೆ ತುಂಬಿರುತ್ತಿತ್ತು. ಹಾಗೆಂದು ಅಲ್ಲಿಯ ವ್ಯಾಪಾರ ಕಡಿಮೆಯೇ ಎಂದರೆ, ಅದೂ ಇಲ್ಲ, ನಿಧಾನವಾಗಿ ಏರುತ್ತಲೇ ಇತ್ತು. ದೊಡ್ಡಪ್ಪನಿಗೆ ಇದು ಬಿಡಿಸಲಾರದ ಗಂಟಾಯಿತು. "ಇಷ್ಟು ಜನ ಬರಿಗೈಲಿ ಹೋಗ್ತಾರೆ ಅಂದ್ರೆ ಆ ಮನುಷ್ಯನಿಗೆ ಗಿರಾಕೀನ ಹಿಡಿಯೋಕೆ ಬರಲ್ಲ. ಚುರುಕಾಗಿರೋ ಒಬ್ಬ ಹುಡುಗನ್ನ ಕೂರಿಸಿದ್ರೆ ಎರಡರಷ್ಟು ವ್ಯಾಪಾರ ಆಗುತ್ತೆ" ಎಂದು ದೊಡ್ಡಮ್ಮನ ಹತ್ತಿರ ಹೇಳಿದ್ದು ನನಗೂ ಕೇಳಿಸಿತ್ತು. ಆದರೆ ತೆಗೆಯುವ ಮೊದಲು ಬೇರೆ ಅಂಗಡಿಯವರ ಜೊತೆ ಹೋಲಿಸಿ ನೋಡಬೇಕಲ್ಲ. ನೋಡುವವಳು ನಾನಾದೆ. ಆ ಊರುಗಳಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ.

"ಹೋಗು, ಗಿರಾಕಿ ಥರ ಕೂತ್ಕೋ. ಇರೋ ಸೀರೆಯೆಲ್ಲಾ ಬಿಚ್ಚಿಸು. ಒಂದೂ ತಗೋಬೇಡ, ಎದ್ದು ಬಾ. ಅವನು ಮುಖ ಹೆಂಗ್ ಮಾಡ್ತಾನೆ ನೋಡ್ಕೊಂಡು ಬಂದು ಹೇಳು, ಅಷ್ಟೆ" ಎಂದರು ದೊಡ್ಡಪ್ಪ.

ಮನೆಗೆ ನೀರು ಹೊರುತ್ತಿದ್ದ ಅಜ್ಜಿಯನ್ನು ಜೊತೆ ಮಾಡಿ ಕಳಿಸಿದರು. ನಾನು ಅವಳದೇ ಮಾಸಲು ಸೀರೆ ಉಟ್ಟು, ಬಳೆ ಬಿಚ್ಚಿಟ್ಟು, ಕನ್ನಡಿ ಮುಂದೆ ನಿಂತು ಬಡವಳಾಗುವುದನ್ನು ಅಭ್ಯಾಸ ಮಾಡಿದೆ. ಎಂಥ ಖುಷಿ ನನಗೆ! ಹೊಸಕೋಟೆಯವನು ಆರನೇ ಸೀರೆಗೇ ಮುಖ ಗಂಟು ಹಾಕಿಕೊಂಡ. ನೆಲಮಂಗಲದವನು "ತಗೊಳ್ಳೋಕೆ ಬಂದ್ರಾ, ನೋಡೋಕೆ ಬಂದ್ರಾ?" ಎಂದು ಕೇಳಿಯೇಬಿಟ್ಟ. ಮನೆಗೆ ಬಂದು ಇಬ್ಬರನ್ನೂ ಅಣಕಿಸಿ ತೋರಿಸಿದಾಗ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ದೇವನಹಳ್ಳಿಗೆ ಹೋದೆವು.

ಅಲ್ಲಿಯ ಗುಮಾಸ್ತರಿಗೆ ಐವತ್ತು ದಾಟಿತ್ತು. ಕಿವಿಯ ಮೇಲೆ ಬಿಳಿ ಕೂದಲು, ಹೆಗಲ ಮೇಲೊಂದು ಚೌಕದ ವಸ್ತ್ರ. ನಮ್ಮನ್ನು ಕಂಡೊಡನೆ ಚಾಪೆ ಕೊಡವಿ ಹಾಸಿದರು. "ಬಾ ಮಗಾ, ಬಿಸಿಲಾಗೆ ಬಂದಿದೀಯ" ಎಂದು ಮೊದಲು ನೀರು ಕೊಟ್ಟರು. ಒಂದೊಂದೇ ಸೀರೆ ಬಿಚ್ಚಿ, ಸೆರಗು ಹರಡಿ, ಬೆಳಕಿಗೆ ಹಿಡಿದು ತೋರಿಸಿದರು. ನಾನು ಬೇಡ ಎಂದದ್ದನ್ನು ಮಡಿಸುವಾಗಲೂ ಅವರ ಕೈ ಬಿರುಸಾಗಲಿಲ್ಲ. ಗೋಡೆಗೂಡು ಖಾಲಿಯಾಗುತ್ತಾ ಬಂತು, ಅವರ ಮುಖ ಮಾತ್ರ ಬದಲಾಗಲೇ ಇಲ್ಲ. ನನಗೆ ಹಟ ಬಂತು. ದೊಡ್ಡಪ್ಪ ಹೇಳಿಕೊಡದೆ ಇದ್ದದ್ದನ್ನು ನಾನೇ ಸೇರಿಸಿದೆ.

ಗಿಣಿಹಸಿರು ಮೈ, ಕೆಂಪು ಅಂಚಿನ ಒಂದು ಸೀರೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ. ಅಕ್ಕನಿಗೆ ಮೊದಲ ಬಸಿರು, ಸೀಮಂತಕ್ಕೆ ಹಸಿರು ಸೀರೆ ಉಡಿಸಬೇಕು ಅಂತ ಆಸೆ, ಈಗ ಅಪ್ಪನ ಕೈಲಿ ಆಗೋದಿಲ್ಲ... ಪಕ್ಕದಲ್ಲಿದ್ದ ಅಜ್ಜಿ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ನನಗೆ ಅಕ್ಕ ಎಲ್ಲಿಂದ ಬರಬೇಕು, ಮನೆಗೆ ನಾನೇ ಹಿರಿಯಳು.

ಗುಮಾಸ್ತರು ಆ ಸೀರೆಯನ್ನು ಮಡಿಸಿ, ಪಕ್ಕದ ಬಟ್ಟಲಲ್ಲಿ ನೆನೆದಿದ್ದ ಬಾಳೆನಾರಿನ ಒಂದು ಎಳೆ ತೆಗೆದು, ಚೌಕದಲ್ಲಿ ಒರೆಸಿ, ಸೀರೆಗೆ ಸುತ್ತಿ ಗಂಟು ಹಾಕಿದರು. ಮೇಲಿನ ಗೂಡಿನಲ್ಲಿ ಅಂಥದೇ ಗಂಟು ಹಾಕಿದ ಇನ್ನಷ್ಟು ಸೀರೆಗಳು ಇದ್ದವು.

"ಕೈಗೂಡಿದಾಗ ಬಾ ಮಗಾ. ಇದು ಎಲ್ಲೂ ಹೋಗಲ್ಲ" ಎಂದರು. ನಾವು ಮೆಟ್ಟಿಲಿಳಿಯುವಾಗ ಕುಡಿಕೆಗೆ ಹುಣಸೆಬೀಜ ಬಿದ್ದ ಸದ್ದಾಯಿತು.

ದೊಡ್ಡಪ್ಪನಿಗೆ ನಾನು ಹೇಳಿದ್ದು ಇಷ್ಟೆ: ಮನುಷ್ಯ ಒಳ್ಳೆಯವನು, ಮುಖ ಗಂಟು ಹಾಕುವುದಿಲ್ಲ. ನಾರಿನ ವಿಷಯ ಹೇಳಲಿಲ್ಲ. ಹೇಳಿದರೆ ಅಕ್ಕನ ವಿಷಯ ಹೇಳಬೇಕು, ಅದನ್ನು ಹೇಳಿದರೆ ಬೈಗುಳ. ಸದ್ಯಕ್ಕೆ ಆ ಗುಮಾಸ್ತರ ಕೆಲಸ ಉಳಿಯಿತು. ನಾನು ಮರೆತೂಬಿಟ್ಟೆ.

ಎಷ್ಟೋ ತಿಂಗಳಾದ ಮೇಲೆ ದೇವನಹಳ್ಳಿ ಆಚೆಯ ವಿಜಯಪುರದ ನಂಟರ ಮನೆಗೆ ಹೊರಟ ದೊಡ್ಡಪ್ಪ ದೇವನಹಳ್ಳಿಯಲ್ಲಿ ಗಾಡಿ ನಿಲ್ಲಿಸಿದರು. ನಾನೂ ದೊಡ್ಡಮ್ಮನೂ ಗಾಡಿಯಲ್ಲೇ ಕುಳಿತೆವು. ಅಂಗಡಿಯೊಳಗಿನ ಮಾತು ರಸ್ತೆಗೇ ಕೇಳುತ್ತಿತ್ತು. ಊರ ಪಟೇಲರ ಮನೆಯಾಕೆ ಯಾವುದೋ ಸೀರೆ ಕೇಳಿದರೆ ಗುಮಾಸ್ತರು ಕೊಡಲಿಲ್ಲವೆಂದು ದೂರು ಬಂದಿತ್ತು.

"ಕೇಳಿದ ಬೆಲೆಗಿಂತ ಮೇಲೆ ಕೊಡ್ತೀನಿ ಅಂದ್ರೂ ಇಲ್ಲ ಅಂದ್ಯಂತೆ. ಮಡಿಸಿದ ಕಡೆ ಬಣ್ಣ ಹೋಗ್ತಾ ಅದೆ ನೋಡು! ಯಾರಿಗೆ ಅಂತ ಇಟ್ಕೊಂಡಿದೀಯ?"

"ಒಬ್ರು ಹೇಳಿ ಹೋಗವ್ರೆ, ಸಾವ್ಕಾರ್ರೇ."

"ಯಾರು ಅಂತ ಕೇಳ್ದೆ."

"ಅದೊಂದು ಬಡ ಕೂಸು. ಹೆಸರು ಕೇಳ್ಳಿಲ್ಲ ನಾನು."

"ಅಂಗಡಿ ನಂದೋ ನಿಂದೋ? ಬೀಗದ ಕೈ ಇಲ್ಲಿಡು."

ಆ ಬಡ ಕೂಸು ನಾನೇ! ಗಾಡಿಯಿಂದ ಇಳಿದು ಒಳಗೆ ಹೋದೆ. ದೊಡ್ಡಪ್ಪನಿಗೆ ನಿಜ ಹೇಳಬೇಕೆಂದೇ ಹೋದೆ. ಆದರೆ ನಾನು ಹೇಳುವ ಮೊದಲೇ ಗುಮಾಸ್ತರು ನನ್ನನ್ನು ನೋಡಿದರು. ಅವರ ಮುಖ ಅರಳಿತು. ನಾನು ಉಟ್ಟಿದ್ದ ರೇಷ್ಮೆಯಾಗಲಿ ಕೈತುಂಬ ಇದ್ದ ಬಳೆಯಾಗಲಿ ಅವರ ಕಣ್ಣಿಗೆ ಬೀಳಲೇ ಇಲ್ಲ.

"ಬಂದ್ಯಾ ಮಗಾ! ಸಾವ್ಕಾರ್ರೇ, ಇದೇ ನೋಡಿ, ಬಂದವ್ಳೆ!" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಅಕ್ಕಂಗೆ ಹೆರಿಗೆ ಆಯ್ತಾ? ಏನು ಕೂಸು?"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪನ ನಗು ಅಂಗಡಿ ತುಂಬಿತು. "ಅಯ್ಯೋ, ಇವಳು ನನ್ನ ತಮ್ಮನ ಮಗಳು ಕಣಯ್ಯ! ನಿನ್ನ ನೋಡ್ಕೊಂಡು ಬಾ ಅಂತ ನಾನೇ ಕಳ್ಸಿದ್ದು. ಇವಳಿಗೆಲ್ಲಿ ಅಕ್ಕ!"

ಗುಮಾಸ್ತರು ಆಗ ನನ್ನ ಸೀರೆ ನೋಡಿದರು, ಬಳೆ ನೋಡಿದರು. ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊರುತ್ತಿರಲಿಲ್ಲವೋ ಏನೋ... "ಒಳ್ಳೇದಾಯ್ತು ಬಿಡಿ. ಅಷ್ಟು ದಿನ ಆದ್ರೂ ಬರಲಿಲ್ವಲ್ಲ, ಹೆರಿಗೇಲಿ ಏನಾರ ಆಗೋಯ್ತೇನೋ ಅಂದ್ಕೊಂಡಿದ್ದೆ" ಎಂದರು, ಅಷ್ಟೆ.

ದೊಡ್ಡಪ್ಪನಿಗೋ ಕುಡಿಕೆಯ ಒಗಟು ಬಿಡಿಸಿದ ಸಂಭ್ರಮ. ಬರಿಗೈಲಿ ಹೋದವರು ಯಾಕೆ ತಿರುಗಿ ಇಲ್ಲಿಗೇ ಬರುತ್ತಾರೆ ಎಂಬುದು ಆ ನಾರಿನಲ್ಲಿತ್ತು. ಬೀಗದ ಕೈ ಗುಮಾಸ್ತರ ಕೈಗೇ ಹಿಂದಿರುಗಿತು, ಸಂಬಳವೂ ಏರಿತು. ಹಸಿರು ಸೀರೆಯನ್ನು ನನಗೆ ಕೊಡಿಸಿದರು. ಗುಮಾಸ್ತರು ಉಗುರಿನಿಂದ ಗಂಟು ಬಿಚ್ಚಿ, ನಾರನ್ನು ಬೆರಳಿಗೆ ಸುತ್ತಿಕೊಂಡು, ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು, "ತಗೊಳ್ಳಿ ಅಮ್ಮಾವ್ರೇ" ಎಂದರು. ಅದನ್ನು ಉಡಲು ನನ್ನಿಂದಾಗಲಿಲ್ಲ. ನೀರಿನ ಅಜ್ಜಿಗೆ ಕೊಟ್ಟೆ. ಅವಳು ಅದನ್ನುಟ್ಟು ದಿನಾ ಬೆಳಿಗ್ಗೆ ಕೊಡ ಹೊತ್ತು ನನ್ನ ಕಣ್ಣ ಮುಂದೆಯೇ ಬರುತ್ತಿದ್ದಳು.

ಮುಂದಿನ ಅಮಾವಾಸ್ಯೆಗೆ ಎಲ್ಲ ಅಂಗಡಿಗೂ ಅಪ್ಪಣೆಯಾಯಿತು: ಗಿರಾಕಿ ಆಸೆಪಟ್ಟ ಸೀರೆಗೆ ಅವರೆದುರಿಗೇ ಬಾಳೆನಾರು ಕಟ್ಟಬೇಕು. ಹೊಸಕೋಟೆಯವನು ಎದುರಿಗೆ ಕಟ್ಟಿ, ಅವರು ತಿರುವು ದಾಟುತ್ತಲೇ ಬಿಚ್ಚಿ ಮಾರುತ್ತಿದ್ದ. ಆದರೂ ವ್ಯಾಪಾರ ಬೆಳೆಯಿತು. ವಿಜಯಪುರದಲ್ಲಿ ಐದನೇ ಅಂಗಡಿ ತೆರೆದಾಗ ದೊಡ್ಡಪ್ಪ ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಇದು ನಮ್ಮ ಹುಡುಗಿ ತಂದ ಅಂಗಡಿ" ಎಂದರು. ಭೂಮಿಗಿಳಿದು ಹೋಗಬಾರದೇ ಎನಿಸಿತು.

ನನ್ನ ಮದುವೆ ಗೊತ್ತಾದ ಮೇಲೆ ಸೀರೆ ಆರಿಸಲು ದೊಡ್ಡಮ್ಮ ನನ್ನನ್ನು ದೇವನಹಳ್ಳಿ ಅಂಗಡಿಗೇ ಕರೆದುಕೊಂಡು ಹೋದರು. ಗುಮಾಸ್ತರು ಚಾಪೆ ಹಾಸಿದರು, ನೀರು ಕೊಟ್ಟರು, ಅಮ್ಮಾವ್ರೇ ಅಮ್ಮಾವ್ರೇ ಎಂದರು. ಅಷ್ಟರಲ್ಲಿ ಆವತಿ ಹಳ್ಳಿಯ ಕಡೆಯ ಹುಡುಗಿಯೊಬ್ಬಳು ಬಂದಳು. ಬರಿಗಾಲು, ಕಾಲ ತುಂಬ ಧೂಳು. ಒಂದು ನೀಲಿ ಸೀರೆಯನ್ನು ಬಹಳ ಹೊತ್ತು ನೋಡಿದಳು.

"ರಾಗಿ ಒಕ್ಕಣೆ ಆದ್ಮೇಲೆ ಬರ್ತೀವಿ. ಎತ್ತಿಟ್ಟಿರ್ತೀರಾ?" ಎಂದು ಕೇಳಿದಳು.

ಗುಮಾಸ್ತರ ಕೈ ನಾರಿನ ಬಟ್ಟಲಿನ ಕಡೆಗೆ ಹೋಯಿತು, ಅಲ್ಲೇ ನಿಂತಿತು. ಒಮ್ಮೆ ನನ್ನ ಕಡೆ ನೋಡಿದರು. ಮತ್ತೆ ಆ ಹುಡುಗಿಯನ್ನು, ಅವಳ ಕಾಲಿನ ಧೂಳನ್ನು, ಬಳೆಯಿಲ್ಲದ ಕೈಯನ್ನು ನೋಡಿದರು.

"ಯಾರಮ್ಮ ನಿನ್ನ ಕಳ್ಸಿದ್ದು?"

"ನಮ್ಮಮ್ಮ" ಎಂದಳು ಹುಡುಗಿ.

ಅಪ್ಪಣೆ ಇದ್ದರೂ ನಾರು ಕಟ್ಟದೆ ಅವರು ಸೀರೆಯನ್ನು ಮಡಿಸಿ ಕೆಳಗಿನ ಗೂಡಿಗೇ ಇಟ್ಟರು. ನಾರು ಕಟ್ಟಿಡಿ, ಅವಳು ನಿಜವಾಗಿಯೂ ಬರುತ್ತಾಳೆ ಎಂದು ನಾನು ಹೇಳಬಹುದಿತ್ತು. ಬೇಡದ ಕಡೆ ಅಷ್ಟು ಚೆನ್ನಾಗಿ ಆಡಿದ್ದ ನಾಲಿಗೆ ಅಂದು ಏಳಲಿಲ್ಲ. ನನ್ನ ಮಾತನ್ನು ಅವರು ಯಾವ ಆಧಾರದ ಮೇಲೆ ನಂಬಬೇಕಿತ್ತು? ಹುಡುಗಿ ಸೀರೆಯನ್ನು ಇನ್ನೊಮ್ಮೆ ನೋಡಿ ಹೊರಟುಹೋದಳು. ಕುಡಿಕೆಗೆ ಬೀಜ ಬಿತ್ತು.

ಅವರು ತೀರಿಕೊಂಡ ಸುದ್ದಿ ನನ್ನ ಗಂಡನ ಮನೆಗೆ ಬಹಳ ತಡವಾಗಿ ತಲುಪಿತು. ಆ ಅಂಗಡಿಗಳೂ ಒಂದೊಂದಾಗಿ ಮುಚ್ಚಿದವು. ನಾನು ಅವರ ಹತ್ತಿರ ತಪ್ಪಾಯಿತು ಎಂದು ಹೇಳಲೇ ಇಲ್ಲ...

ಹೋದ ಶುಕ್ರವಾರ ಹೂವು ಕಟ್ಟಿ ಮುಗಿಸಿದ ಮೇಲೆ ಸೊಸೆ ಹಬ್ಬದ ಸೀರೆಗೆಂದು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿಯ ಹುಡುಗಿ ಮೊದಲ ಸೀರೆ ಬಿಚ್ಚಿದಳು. ಇದೇ ಸಾಕು, ಕಟ್ಟಿಕೊಡಮ್ಮ ಎಂದೆ. ಎಷ್ಟೋ ವರ್ಷದಿಂದ ನಾನು ಯಾವ ಅಂಗಡಿಯಲ್ಲೂ ಎರಡನೇ ಸೀರೆ ಬಿಚ್ಚಿಸಿಲ್ಲ. "ನಮ್ಮತ್ತೆ ಯಾವಾಗ್ಲೂ ಹೀಗೇ ಕಣ್ರೀ, ಯಾವ ಆಸೇನೂ ಇಲ್ಲ ಅವ್ರಿಗೆ" ಎಂದು ಸೊಸೆ ಆ ಹುಡುಗಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ಚಪ್ಪಲಿ ಹುಡುಕಿದೆ.