ಎಂಟು ಮಿಲಿಮೀಟರು

ನಮ್ಮ ಬೇರಿಂಗ್ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರ ಬಾಯಲ್ಲೂ ‘ಮೈಕ್ರಾನ್’. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲಿಗೆ ಆ ಹೆಸರು. ಲೇತ್ ಮೇಲಿನ ಗಂಡಸರು ಅದನ್ನು ಇಟ್ಟದ್ದು ಬೈಗುಳ ಅಂತ. ಅವಳು ಬಿರುದು ಅಂತ ಇಟ್ಟುಕೊಂಡಳು. ತಯಾರಾದ ರಿಂಗುಗಳನ್ನು ಅಳೆದು ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವ ಗೇಜ್ ರೂಮಿನಲ್ಲಿ ಅವಳು ಒಂಬತ್ತು ವರ್ಷದಿಂದ ನನ್ನ ಪಕ್ಕದ ಮೇಜಿನಲ್ಲಿದ್ದಾಳೆ. ಕೆಲಸ ಕಲಿಸಿದವನು ನಾನು, ಅದಕ್ಕೇ ನನ್ನನ್ನು ಮೇಷ್ಟ್ರೇ ಅನ್ನುತ್ತಾಳೆ. ಅವಳ ವಿಷಯ ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಪೆನ್ನು ಕೆಳಗಿಟ್ಟಿದ್ದೇನೆ. ಈ ಸಲ ಸಿಟ್ಟನ್ನೂ ಸೇರಿಸಿಯೇ ಬರೆದುಬಿಡುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಳ ಕೈಯಲ್ಲಿದ್ದ ಅಳತೆಯ ಗೇಜು ಸವೆದುಹೋಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಎರಡು ದಿನದ ಮಾಲು ಆಗಲೇ ಡಬ್ಬಿಗೆ ಸೇರಿತ್ತು. ಅವಳೇ ಬಂದು ಹೇಳಿದಳು, ಅವಳೇ ಡಬ್ಬಿ ಬಿಚ್ಚಿಸಿದಳು, ನಾಲ್ಕು ಸಾವಿರ ರಿಂಗುಗಳನ್ನು ಒಬ್ಬಳೇ ಮತ್ತೆ ಅಳೆದಳು. ಫೋರ್‌ಮನ್ ಕೂಗಾಡಿದ. ನಾನು ಎದೆಯುಬ್ಬಿಸಿಕೊಂಡು ನಿಂತಿದ್ದೆ. ಯಾಕೆಂದರೆ ಅದು ನಾನು ಹೇಳಿಕೊಟ್ಟ ಮೊದಲ ಪಾಠ: ಗೇಜು ಕೆಟ್ಟಿದೆ ಅಂತ ಗೊತ್ತಾದರೆ, ಅದು ಕೊನೆಯ ಸಲ ಸರಿಯಿದ್ದದ್ದು ಯಾವಾಗ ಅಂತ ಹುಡುಕು. ಅಲ್ಲಿಂದ ಈಚೆಗೆ ಅದರಲ್ಲಿ ಅಳೆದ ಪ್ರತಿಯೊಂದನ್ನೂ ವಾಪಸ್ ತರಿಸು.

ಒಂಬತ್ತು ವರ್ಷವಾದರೂ ಅವಳು ಗುತ್ತಿಗೆಯವಳೇ. ಹನ್ನೊಂದು ತಿಂಗಳಿಗೊಮ್ಮೆ ತೆಗೆಯುವುದು, ಒಂದು ವಾರ ಮನೆಯಲ್ಲಿ ಕೂರಿಸಿ ಹೊಸಬಳೆಂದು ಸೇರಿಸಿಕೊಳ್ಳುವುದು. ಅವಳ ಕೈಕೆಳಗೆ ಕಲಿತವರು ಕಾಯಂ ಆದರು, ಅವಳ ರಜಾ ಚೀಟಿಗೆ ಸಹಿ ಹಾಕುವ ಕುರ್ಚಿಗೂ ಬಂದರು. ಇದನ್ನು ಕಂಡೂ ಕಾಣದಂತೆ ಇದ್ದವರಲ್ಲಿ ನಾನೂ ಒಬ್ಬ.

ಆದರೆ ಪೊಲೀಸ್ ಕೆಲಸದ ಯೋಚನೆ ಅವಳಿಗೆ ಬಂದದ್ದು ಇದರಿಂದಲ್ಲ. ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳನ್ನು ಪಾಳಿ ಬಿಟ್ಟ ಮೇಲೆ ಬಸ್ ನಿಲ್ದಾಣದಲ್ಲಿ ಒಬ್ಬ ದಿನಾ ಅಡ್ಡಗಟ್ಟುತ್ತಿದ್ದ. ಮೈಕ್ರಾನ್ ಅವಳನ್ನು ಠಾಣೆಗೆ ಕರೆದುಕೊಂಡು ಹೋದಳು. ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಕಡೆಗೆ ಮೇಜಿನ ಹಿಂದಿದ್ದವನು ತಲೆ ಎತ್ತದೆಯೇ, “ಪಾಳಿ ಬದಲಾಯಿಸ್ಕೊಳ್ಳಿ, ಇಲ್ಲಾಂದ್ರೆ ಬಸ್ಸು ಬದಲಾಯಿಸ್ಕೊಳ್ಳಿ” ಅಂದನಂತೆ. ದೂರು ಬರೆದುಕೊಳ್ಳಲೇ ಇಲ್ಲ. ಬದಲಾಗಬೇಕಾದದ್ದು ಅವಳ ಪಾಳಿಯಂತೆ! ಅಡ್ಡಗಟ್ಟುವವನು ಆರಾಮಾಗಿ ಅಲ್ಲೇ ನಿಂತಿರಬಹುದು.

ಮಾರನೆಯ ದಿನ ರಿಂಗುಗಳನ್ನು ಸಾಲಾಗಿ ಜೋಡಿಸುತ್ತಾ ಅವಳು ಹೇಳಿದಳು: “ಮೇಷ್ಟ್ರೇ, ಆ ಕುರ್ಚೀಲಿ ನಮ್ಮಂಥವಳು ಒಬ್ಬಳು ಕೂತಿದ್ರೆ ತಲೆಯಾದ್ರೂ ಎತ್ತಿ ನೋಡ್ತಿದ್ಲು. ಪೊಲೀಸ್ ಭರ್ತಿಗೆ ಕರ್ದಿದಾರೆ. ಹೋಗ್ಲಾ?”

ಅವಳು ಒಂದು ತಿಂಗಳು ಯೋಚನೆ ಮಾಡಿದಳು. ಹಾಗೆ ಬೇಗ ಪಾಸು ಮಾಡುವವಳಲ್ಲ. ಓಣಿಯವರಿಗೆ ಮಾತ್ರ ಯೋಚನೆಯೇ ಬೇಕಿರಲಿಲ್ಲ. ಪಕ್ಕದ ಮನೆಯ ವೆಲ್ಡರ್, “ಬೇಲಿನೇ ಎದ್ದು ಹೊಲ ಮೇಯೋ ಜಾಗ ಅದು, ನೀನು ಹೋಗಿ ಯಾವ ಹೊಲ ಕಾಯ್ತೀಯಾ?” ಅಂದ. ಅವಳ ಅಮ್ಮ ಮನೆಯಲ್ಲೇ ವೆಲ್ಡರುಗಳ ಚರ್ಮದ ಕೈಗವಸು ಹೊಲಿಯುವವರು. ಇರುವುದೊಂದೇ ಕೋಣೆ. ಆ ವಾರ ಎಡಗೈಯವು ಮಾತ್ರ ಹೊಲಿಯುತ್ತಿದ್ದರು, ಮಂಚದ ತುಂಬ ಎಡಗೈಗಳು. ನಾನು ಹೋದಾಗ ಅವನ್ನು ಸರಿಸಿ ಜಾಗ ಮಾಡಿಕೊಟ್ಟು, ಮಗಳ ಕಡೆಗೆ ತಿರುಗಿದರು.

“ಆ ಡ್ರೆಸ್ ಹಾಕ್ಕೊಂಡ್ರೆ ಮನುಷ್ಯರು ಬೇರೇನೇ ಆಗ್ಬಿಡ್ತಾರೆ ಕಣೇ. ನೀನೂ ಹಂಗೆ ಆದ್ರೆ?”

“ಆದ್ರೆ ಕಿವಿ ಹಿಂಡಮ್ಮ.”

“ಹೆಂಗೆ ಹಿಂಡ್ಲಿ? ಲಾಠಿ ನಿನ್ನ ಕೈಲಿರತ್ತಲ್ಲ!”

ಮೂವರೂ ನಕ್ಕೆವು. ಆದರೆ ಅವಳಿಗೆ ಆ ಪ್ರಶ್ನೆ ನಾಟಿತ್ತು. “ಅಮ್ಮ ಕೇಳಿದ್ದು ಸರಿ ಮೇಷ್ಟ್ರೇ, ನನಗೂ ಅದೇ ಹೆದ್ರಿಕೆ” ಅಂತ ಎರಡು ಮೂರು ಸಲ ಅಂದಳು. ಅರ್ಜಿಯ ಕಡೆಯ ದಿನ ಹೋಗಿ ತುಂಬಿ ಬಂದಳು. ಇನ್ನು ಮೂರು ತಿಂಗಳಿಗೆ ಅವಳ ವಯಸ್ಸು ಮಿತಿ ಮೀರುತ್ತಿತ್ತು. ಇದು ಬಿಟ್ಟರೆ ಇನ್ನೊಂದು ಭರ್ತಿ ಇಲ್ಲ.

ಎರಡು ತಿಂಗಳು ಕಾರ್ಖಾನೆಯ ಕಾಂಪೌಂಡ್ ಸುತ್ತ ಓಡಿದಳು. ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಬೇಕು. ಗಡಿಯಾರ ಹಿಡಿದು ನಿಲ್ಲುತ್ತಿದ್ದವನು ನಾನು. ಹನ್ನೆರಡು ಸೆಕೆಂಡು ಉಳಿಸಿಕೊಂಡು ಮುಗಿಸುತ್ತಿದ್ದಳು. ಎತ್ತರ ನೂರ ಐವತ್ತೇಳು ಸೆಂಟಿಮೀಟರು ಇರಬೇಕು. ನಮ್ಮ ಗೇಜ್ ರೂಮಿನಲ್ಲೇ ಅಳೆದೆವು, ಅದೂ ಪಾಳಿ ಮುಗಿದ ಮೇಲೆ. ದಿನವಿಡೀ ನಿಂತ ಮನುಷ್ಯ ಸಂಜೆಗೆ ಸ್ವಲ್ಪ ಕುಗ್ಗುತ್ತಾನೆ. ಕುಗ್ಗಿದಾಗಲೂ ನೂರ ಐವತ್ತೇಳರ ಮೇಲೆ ನಾಲ್ಕು ಮಿಲಿಮೀಟರು ಇದ್ದಳು. “ಇನ್ನೇನು ಯೋಚ್ನೆ ಇಲ್ಲ ಬಿಡು” ಅಂದೆ.

ಭರ್ತಿ ಒಂದು ಭಾನುವಾರ ಬೆಳಿಗ್ಗೆ ಪೊಲೀಸ್ ಮೈದಾನದಲ್ಲಿ. ನಾನು ಅವಳ ಚೀಲ ಹಿಡಿದು ತಂತಿಬೇಲಿಯ ಹೊರಗೆ ನಿಂತೆ. ಒಳಗೆ ಷೆಡ್ಡಿನಲ್ಲಿ ಎತ್ತರ ಅಳೆಯುತ್ತಿದ್ದರು. ಒಬ್ಬೊಬ್ಬರೇ ಹುಡುಗಿಯರು ಕಣ್ಣೊರೆಸಿಕೊಂಡು ಹೊರಗೆ ಬರತೊಡಗಿದರು. ಅವರ ಅರ್ಜಿಯ ಮೇಲೆ ‘ಎತ್ತರ ಕಡಿಮೆ’ ಅಂತ ಕೆಂಪು ಮುದ್ರೆ. ಒಬ್ಬಳು ಯಾರಿಗೂ ಅಂತಿಲ್ಲದೆ, “ಆಸ್ಪತ್ರೇಲಿ ಅಳ್ದಾಗ ಸರಿಯಾಗೇ ಇತ್ತು” ಅಂದಳು. ಆಮೇಲೆ ಇನ್ನೊಬ್ಬಳೂ ಅದನ್ನೇ ಅಂದಳು. ಮೂವತ್ತು ವರ್ಷ ಅಳತೆಯ ಕೆಲಸದಲ್ಲೇ ಕೂದಲು ಹಣ್ಣಾದ ನನ್ನ ತಲೆಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪಾಪ, ಗಿಡ್ಡ ಹುಡುಗಿಯರು ಅಂದುಕೊಂಡು ಸುಮ್ಮನೆ ನಿಂತಿದ್ದೆ.

ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಗೋಡೆಗೆ ಬಡಿದ ಅಳತೆಯ ಹಲಗೆಗೆ ಬೆನ್ನು ಕೊಟ್ಟು ನಿಂತಳು. ಪೇದೆ ತಲೆಯ ಮೇಲೆ ಪಟ್ಟಿ ಇಳಿಸಿ ಕೂಗಿದ: “ನೂರ ಐವತ್ತಾರು, ಒಂಬತ್ತು. ಫೇಲು.”

ಒಂದೇ ಒಂದು ಮಿಲಿಮೀಟರು ಕಡಿಮೆ! ಬೇರೆ ಯಾರೇ ಆಗಿದ್ದರೂ ಅಳುತ್ತಿದ್ದರು. ಇವಳು ಬಗ್ಗಿ ಹಲಗೆಯ ಬುಡ ನೋಡಿದಳು. ಬುಡಕ್ಕೂ ನೆಲಕ್ಕೂ ನಡುವೆ ಪೆನ್ಸಿಲ್ ತೂರುವಷ್ಟು ಸಂದು, ಅವಳ ಕಣ್ಣಳತೆಗೆ ಎಂಟು ಮಿಲಿಮೀಟರು.

“ಸಾರ್, ಹಲಗೆ ನೆಲಕ್ಕೆ ತಾಗಿಲ್ಲ. ಸೊನ್ನೆನೇ ಮೇಲಿದೆ. ಎಲ್ರೂ ಗಿಡ್ಡ ಬರ್ತಾರೆ.”

“ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ಜಾಗ ಬಿಡಮ್ಮ” ಅಂದ ಪೇದೆ. ಸಾಲಿನಲ್ಲಿದ್ದವರೂ ನಕ್ಕರು. ಗಾದೆಯೇನೋ ಸರಿ. ಆದರೆ ಅವತ್ತು ನೆಲ ನಿಜವಾಗಿಯೂ ಡೊಂಕಾಗಿತ್ತಲ್ಲ, ಅದಕ್ಕೆ ಯಾವ ಗಾದೆ?

ಹಲಗೆಯ ಮುಂದೆ ಧೂಳಿನ ನಡುವೆ ಒಂದು ಚೌಕ ಜಾಗ ಮಾತ್ರ ಶುಭ್ರವಾಗಿತ್ತು. ಅಲ್ಲಿ ಏನೋ ಹಾಸಿತ್ತು, ಯಾರೋ ತೆಗೆದಿದ್ದಾರೆ. ಸುತ್ತ ನೋಡಿದಳು. ದಪ್ಪ ರಬ್ಬರ್ ಹಾಸೊಂದು ಷೆಡ್ಡಿನ ಮೂಲೆಯಲ್ಲಿ, ಭರ್ತಿ ನೋಡಿಕೊಳ್ಳುವ ದೊಡ್ಡ ಸಾಹೇಬರ ಕುರ್ಚಿಯ ಕೆಳಗಿತ್ತು. ನೆಲ ನುಣುಪು, ಸಾಹೇಬರ ಕುರ್ಚಿ ಜಾರುತ್ತದೆ ಅಂತ ಬೆಳಿಗ್ಗೆ ಅದನ್ನು ಎಳೆದು ಅಲ್ಲಿಗೆ ಹಾಕಿದ್ದರು. ಹಿಂದಿನ ದಿನ ಹಲಗೆ ಬಡಿದದ್ದು ಆ ಹಾಸಿನ ಮೇಲಿಟ್ಟು. ಒಬ್ಬ ದೊಡ್ಡ ಮನುಷ್ಯ ಜಾರಬಾರದು ಅಂತ ಎಷ್ಟು ಹುಡುಗಿಯರ ಕಾಲ ಕೆಳಗಿನದನ್ನು ಕಿತ್ತುಕೊಂಡರು ನೋಡಿ!

ಅವಳು ನೇರ ಹೋಗಿ, “ಸಾರ್, ಒಂದ್ನಿಮಿಷ ಏಳ್ತೀರಾ? ನಮ್ಮ ಎಂಟು ಮಿಲಿಮೀಟರು ನಿಮ್ಮ ಕುರ್ಚಿ ಕೆಳಗಿದೆ” ಅಂದಳಂತೆ.

ಅಂಥ ಮಾತು ಜನ್ಮದಲ್ಲಿ ಕೇಳಿರದ ಸಾಹೇಬರು ಎದ್ದೇಬಿಟ್ಟರು. ಅವಳು ಹಾಸನ್ನು ಎಳೆದುಕೊಂಡು ಹೋಗಿ ಹಲಗೆಯ ಕೆಳಗೆ ಹಾಕಿದಳು. ಹಲಗೆಯ ಬುಡ ಅದರ ಮೇಲೆ ಅಚ್ಚುಕಟ್ಟಾಗಿ ಕೂತಿತು. ಮತ್ತೆ ನಿಂತಳು. ನೂರ ಐವತ್ತೇಳು, ಏಳು.

ಸಾಹೇಬರು ಮೂರ್ಖರಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಸರಿ, ನೀನು ಪಾಸು. ನಾಲ್ಕನೇ ಬ್ಯಾಚಲ್ಲಿ ಓಡು, ಹೋಗು” ಅಂದರು.

“ಬೆಳಿಗ್ಗೆಯಿಂದ ವಾಪಸ್ ಕಳ್ಸಿದೋರು ಸಾರ್?”

“ಅದು ಮುಗಿದ ಕತೆ. ನಿಂದು ನೀನು ನೋಡ್ಕೋ.”

“ಅವ್ರನ್ನ ಮತ್ತೆ ಅಳೀಬೇಕಲ್ವಾ?”

“ಅಳೀಬೇಕಂದ್ರೆ ಯಾರಾದ್ರೂ ಬರೆದು ಕೊಡ್ಬೇಕು. ಬರೆದು ಕೊಟ್ರೆ ತನಿಖೆ ಆಗತ್ತೆ, ನಿಂದೂ ನಿಲ್ಲತ್ತೆ. ನಿಂಗೇ ವಯಸ್ಸು ಮೀರ್ತಾ ಇದೆ ಅಂತ ಅರ್ಜೀಲಿದೆ. ಹತ್ತು ನಿಮಿಷ ಇದೆ, ಯೋಚ್ನೆ ಮಾಡು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಷ್ಟು ನಯವಾಗಿ ಹೇಳಿದರು!

ಅವಳು ಬೇಲಿಯ ಹತ್ತಿರ ಓಡಿ ಬಂದು ಇಷ್ಟನ್ನೂ ಉಸಿರು ಬಿಡದೆ ಹೇಳಿ, “ಏನ್ ಮಾಡ್ಲಿ ಮೇಷ್ಟ್ರೇ?” ಅಂದಳು.

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಆ ಸಾಹೇಬರಿಗೂ ನನಗೂ ಏನು ವ್ಯತ್ಯಾಸ? “ಸುಮ್ನೆ ಹೋಗಿ ಓಡು” ಅಂದೆ. “ಊರಿಗೆ ಉಪಕಾರಿ ಆಗೋಕೆ ಹೋಗಿ ಮನೆಗೆ ಮಾರಿ ಆಗ್ಬೇಡ. ಒಳಗೆ ಸೇರ್ಕೋ ಮೊದ್ಲು, ನ್ಯಾಯ ಆಮೇಲೆ ಮಾಡುವೆಯಂತೆ.”

ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. “ನೀವೂ ಹಿಂಗಂದ್ರೆ ಹೆಂಗೆ ಮೇಷ್ಟ್ರೇ?” ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕೆಟ್ಟ ಗೇಜನ್ನು ಕೈಯಲ್ಲಿ ತಿರುಗಿಸಿ ನೋಡುವಾಗ ಅವಳ ಮುಖ ಹಾಗೇ ಇರುತ್ತದೆ. ಆಮೇಲೆ, “ಆಚೆ ಇರೋರನ್ನ ಹೋಗಕ್ಕೆ ಬಿಡ್ಬೇಡಿ. ನಾನು ಬರೆದು ಕೊಡ್ತೀನಿ” ಅಂತ ತಿರುಗಿ ಹೋದಳು.

ನನಗೆ ನಾಚಿಕೆಯಾಯಿತು. ನಾಚಿಕೆಯೇ ಸಿಟ್ಟಾಗಿ ನನ್ನನ್ನು ಓಡಿಸಿತು. ಗೇಟಿನ ಬಳಿ, ಮರದ ಕೆಳಗೆ, ಬಸ್ ನಿಲ್ದಾಣದವರೆಗೂ, “ಎತ್ತರ ಕಡಿಮೆ ಅಂದವರೆಲ್ಲ ವಾಪಸ್ ಬನ್ರಮ್ಮಾ, ಹಲಗೆನೇ ಸುಳ್ಳು!” ಅಂತ ಗಂಟಲು ಹರಿಯುವಂತೆ ಕೂಗಿದೆ. ಒಬ್ಬ ಕಂಡಕ್ಟರ್ ನನಗೆ ತಲೆ ಕೆಟ್ಟಿದೆ ಅಂದುಕೊಂಡ. ಕೆಟ್ಟೇ ಇತ್ತು. ಕೂಗುತ್ತಿರುವಾಗಲೇ ಮೈದಾನದಲ್ಲಿ ನಾಲ್ಕನೇ ಬ್ಯಾಚಿನ ಸೀಟಿ ಕೇಳಿಸಿತು. ಅವಳು ಆಗ ಮೇಜಿನ ಮುಂದೆ ಕೂತು ದೂರು ಬರೆಯುತ್ತಿದ್ದಳು.

ಅರವತ್ತಮೂರು ಹುಡುಗಿಯರನ್ನು ಗಿಡ್ಡ ಅಂತ ಕಳಿಸಿದ್ದರು. ಇಪ್ಪತ್ತಾರು ಮಂದಿ ಸಿಕ್ಕಿದರು. ಅವರೆಲ್ಲ ಗೇಟಿಗೆ ಮುತ್ತಿ ಗದ್ದಲ ಮಾಡಿದ ಮೇಲೆ ಸಾಹೇಬರು ಇಳಿದು ಬಂದು, “ತನಿಖೆ ಗಿನಿಖೆ ಏನೂ ಬೇಡ, ಇನ್ನೊಂದ್ಸಲ ಅಳೆದುಬಿಡಿ” ಅಂದರು. ಹಾಸಿನ ಮೇಲೆ ನಿಲ್ಲಿಸಿ ಅಳೆದರೆ ಹತ್ತೊಂಬತ್ತು ಮಂದಿ ಪಾಸು! ಉಳಿದ ಮೂವತ್ತೇಳು ಮಂದಿ ಬಸ್ ಹತ್ತಿ ಹೋಗಿಯಾಗಿತ್ತು. ತಾವು ಗಿಡ್ಡ ಅಂತಲೇ ಅವರು ಇವತ್ತಿಗೂ ನಂಬಿಕೊಂಡಿರಬೇಕು.

ಹತ್ತೊಂಬತ್ತು ಮಂದಿಗೆ ಮಧ್ಯಾಹ್ನ ಹೊಸ ಬ್ಯಾಚು ಮಾಡಿದರು. ಮೈಕ್ರಾನೂ ಹೋಗಿ ಅವರ ಜೊತೆ ಗೆರೆಯ ಮೇಲೆ ನಿಂತಳು. ಸೀಟಿಯ ಪೇದೆ ಪಟ್ಟಿ ನೋಡಿ ತಲೆ ಅಲ್ಲಾಡಿಸಿದ.

“ನಿಂದು ನಾಲ್ಕನೇ ಬ್ಯಾಚಮ್ಮ. ಕರ್ದಾಗ ಬರ್ಲಿಲ್ಲ. ಗೈರುಹಾಜರು ಅಂತ ಆಗೋಗಿದೆ.”

“ಇಲ್ಲೇ ಕೂತು ಬರೀತಿದ್ನಲ್ಲ ಸಾರ್, ನಿಮ್ಮ ಕಣ್ಮುಂದೇನೇ!”

“ಇದ್ದೆ ಕಣಮ್ಮ, ಯಾರು ಇಲ್ಲ ಅಂದ್ರು? ಗೆರೆ ಮೇಲಿರ್ಲಿಲ್ವಲ್ಲ.”

ಅವಳು ಸಾಹೇಬರ ಕಡೆ ನೋಡಿದಳು. ಅವರಿಗೆ ಆಗಲೇ ಫೋನ್ ಬರಬೇಕೇ! ಅವಳ ದೂರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡದ್ದನ್ನು ನಾನು ಬೇಲಿಯಾಚೆಯಿಂದ ಕಣ್ಣಾರೆ ಕಂಡೆ. ಅದಕ್ಕೆ ಈವರೆಗೆ ಉತ್ತರವಿಲ್ಲ. ಕೇಳಲು ಹೋದರೆ ಅಂಥ ಕಾಗದವೇ ಬಂದಿಲ್ಲವಂತೆ, ಹಲಗೆಯಲ್ಲಿ ದೋಷವೇ ಇರಲಿಲ್ಲವಂತೆ. ದೋಷವಿರದಿದ್ದರೆ ಆ ಹತ್ತೊಂಬತ್ತು ಮಂದಿ ಒಂದು ಗಂಟೆಯಲ್ಲಿ ಬೆಳೆದುಬಿಟ್ಟರೇ? ತಪ್ಪು ಮಾಡಿದವರು ಹಾಜರು, ಅದನ್ನು ಹಿಡಿದವಳು ಗೈರುಹಾಜರು! ಎಂಥವಳನ್ನು ಅವರು ಬೇಡವೆಂದರೋ ಅವರಿಗೆ ಗೊತ್ತಿಲ್ಲ. ಗೊತ್ತಿದ್ದೇ ಬೇಡವೆಂದರೋ ಏನೋ. ಅವಳು ಈಗಲೂ ನನ್ನ ಪಕ್ಕದ ಮೇಜಿನಲ್ಲಿದ್ದಾಳೆ, ಈ ತಿಂಗಳು ಮತ್ತೊಮ್ಮೆ ‘ಹೊಸಬಳಾಗಿ’ ಸೇರಿಕೊಂಡಿದ್ದಾಳೆ.

ಆ ಮಧ್ಯಾಹ್ನ ಅವಳು ಮನೆಗೆ ಹೊರಡಲಿಲ್ಲ. ಓಡುವವರು ತಮ್ಮ ಚೀಲ, ಚಪ್ಪಲಿ, ಫೋನುಗಳನ್ನು ಅವಳ ಕಾಲ ಬಳಿ ಗುಡ್ಡೆ ಹಾಕಿ ಹೋಗಿದ್ದರು. ಅವುಗಳನ್ನು ಕಾಯುತ್ತಾ ಬಿಸಿಲಲ್ಲಿ ನಿಂತಿದ್ದಳು. ನಾನು ಬೇಲಿಯ ಈಚೆ ಅವಳ ಚೀಲ ಹಿಡಿದು ನಿಂತಿದ್ದೆ. ಸೀಟಿ ಆಯಿತು, ಓಡಿದರು. ಓಟ ಮುಗಿಸಿ ಮೊದಲು ಬಂದ ಹುಡುಗಿ ಬೆವರು ಸುರಿಸುತ್ತಾ ಅವಳ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾ, ನಾನು ಪಾಸು! ನಿಮ್ಮ ಓಟ ಎಷ್ಟೊತ್ತಿಗೆ?”

“ನಂದು ಆಯ್ತು ಕಣೇ” ಅಂದಳು ಮೈಕ್ರಾನ್. “ನೀನು ಮೊದ್ಲು ನೀರು ಕುಡಿ.”

ಹಾಗಂದು, ಬಗ್ಗಿ ಗುಡ್ಡೆಯಿಂದ ಆ ಹುಡುಗಿಯ ಚಪ್ಪಲಿಗಳನ್ನು ಹುಡುಕಿ ಕೊಟ್ಟಳು.