ತಿರುವಿನಾಚೆಯ ಕೂಗು

“ಕೂ...!” ಕಳಸದ ಬೆಟ್ಟದ ಕಾಲುದಾರಿಯಲ್ಲಿ ನಮ್ಮ ಗೈಡ್ ಲಲಿತಮ್ಮ ಪ್ರತಿ ತಿರುವಿನಲ್ಲೂ ಹೀಗೆ ಕೂಗಿಯೇ ಮುಂದೆ ಹೆಜ್ಜೆಯಿಡುತ್ತಿದ್ದರು. ನಾಲ್ಕನೇ ಕೂಗಿಗೆ ನಾನು ಗಕ್ಕನೆ ನಿಂತೆ. “ಆನೆ ಇದೆಯಾ ಲಲಿತಮ್ಮ?” ಎಂದೆ.

ಅವರು ನಕ್ಕರು. “ಆನೆಗಲ್ಲ ಮಾರಾಯ್ರೆ. ನಕ್ಸಲರ ಗಲಾಟೆ ಇದ್ದಾಗ ಅವ್ರೂ ಇದೇ ಕಾಡಲ್ಲಿ, ಹುಡುಕೋ ಪೊಲೀಸ್ರೂ ಇದೇ ಕಾಡಲ್ಲಿ. ಸದ್ದಿಲ್ದೆ ಹೋದ್ರೆ ಯಾರ ಕೋವಿ ಎದುರಿಗೆ ನಿಲ್ತೀವೋ ಅಂತ ಹೆದ್ರಿಕೆ. ಸೊಪ್ಪು ಕಡಿಯೋಕೆ ಬಂದ ಊರೋರು ನಾವು ಅಂತ ಗೊತ್ತಾಗ್ಲಿ ಅಂತ ಕೂಗ್ತಿದ್ವಿ. ಈಗ ಪರ್ಮಿಷನ್ ತಗೊಂಡು ನೀವೆಲ್ಲ ಆರಾಮಾಗಿ ಬರ್ತೀರಿ, ನನ್ ಬಾಯಿ ಮಾತ್ರ ಸುಮ್ನಿರಲ್ಲ.”

ಮುಂದಿನ ತಿರುವಿನಲ್ಲಿ ಅವರು ಕೂಗಿದ್ದೇ ತಡ, ಆಚೆಯಿಂದ ಹತ್ತಾರು ದನಿಗಳು ಒಟ್ಟಿಗೇ “ಕೂ...!” ಎಂದವು. ಬೆಟ್ಟ ಇಳಿದು ಬರುತ್ತಿದ್ದ ಕಾಲೇಜು ಹುಡುಗಿಯರು! ಲಲಿತಮ್ಮ ಹಿಗ್ಗಿ ಇನ್ನೊಮ್ಮೆ ಕೂಗಿದರು. “ಆಗ ಉತ್ತರ ಬರದಿದ್ರೆ ಸಾಕು ದೇವ್ರೆ ಅಂತಿದ್ವಿ. ಈಗ ಬರದಿದ್ರೆ ಬೇಜಾರು!”

ಹಾಸನಕ್ಕೆ ಮರಳಿದ ಮಾರನೇ ದಿನ, ಆಫೀಸಿನ ಮೆಟ್ಟಿಲ ತಿರುವಿನಲ್ಲಿ ನನಗರಿವಿಲ್ಲದೆ “ಕೂ...!” ಎಂದುಬಿಟ್ಟೆ. ಯಾರೂ ಓಗೊಡಲಿಲ್ಲ. ಲಲಿತಮ್ಮ ಹೇಳಿದ್ದು ನಿಜ, ಬೇಜಾರೇ ಆಯಿತು.