ಆ ಕಡಿ ಮಾರಿ ಮಾಡು

ಈ ಫೋನಿನ ಮ್ಯಾಲ ಬರಿಲಾಕ ನನಗ ಕಲಿಸ್ದಾಕಿ ನನ್ನ ಮೊಮ್ಮಗಳು ಗೌರಾ. ನಾ ಆಕಿಗಿ ಮಗ್ಗಿ ಕಲಿಸ್ತೇನಿ, ಆಕಿ ನನಗ ಒತ್ತಕ್ಷರ ಕಲಿಸ್ತಾಳ. ನನ್ನ ದಪ್ಪ ಬೆರಳು ಒಂದು ಅಕ್ಷರ ಒತ್ಲಾಕ ಹೋದ್ರ ಬಾಜೂದು ಬೀಳ್ತದ. ಆಕಿ ಒಮ್ಮಿನೂ ನಕ್ಕಿಲ್ಲ. ಆಕಿ ಮಗ್ಗಿ ತಪ್ಪಿದ್ರ ನಾ ನಗ್ತಿದ್ದೆ. ಇಬ್ಬರೊಳಗ ಮಾಸ್ತರಿಕಿ ಯಾರಿಗಿ ಚಂದ ಬರ್ತದ, ನೀವೇ ತಿಳ್ಕೋರಿ.

ಗೌರಾ ಸಾಲಿಗಿ ಹೋಗಲ್ರಿ. ಮದಲ ಹೋಗ್ತಿದ್ಳು. ದಿನಾ ಮುಂಜಾನಿ ಹೊಟ್ಟಿ ನೋಯ್ತದಂತ ಅಳ್ತಿದ್ಳು. ನಮ್ಮ ಸೊಸಿ ಸವಿತಾ ಸಾಲಿ ಬಿಡಿಸಿ, ಮೈಲೂರದ ನಮ್ಮ ಮನ್ಯಾಗೇ ಓದಿಸ್ಲಾಕ ಹತ್ತಿದಳು. ಹೊಟ್ಟಿನೋವು ಹೋಯ್ತು. ಆದ್ರ ನನ್ನ ಮಗ ಒಂದು ಶರತ್ತು ಇಟ್ಟ: "ಹುಡುಗಿ ನಾಕು ಮಂದ್ಯಾಗ ಬಾಯಿ ಬಿಡ್ಲಿಲ್ಲಂದ್ರ ಜೂನಿಗಿ ಮತ್ತ ಸಾಲಿಗೇ."

ನಾ ಹೆದರ್ಲಿಲ್ಲ. ಎಳ್ಳ ಅಮಾಸಿಗಿ ನಾವೆಲ್ಲಾ ಔರಾದದ ನಮ್ಮ ಹೊಲದಾಗ ಸೇರ್ತೇವಿ. ಭಾಲ್ಕಿಯಿಂದ ನನ್ನ ತಂಗಿ ಮಹಾದೇವಿ ಬರ್ತಾಳ. "ಸಾಲಿ ಬಿಡ್ಸಿ ಕೂಸಿನ ಹಾಳ ಮಾಡಲತ್ತೀರಿ" ಅಂತ ಹಬ್ಬಕ್ಕೊಮ್ಮಿ ಅಂತಾಳ. ಅಲ್ಲೇ ಗೌರಾನ ಬಾಯಿಂದ ಒಂದು ವಚನ ಹೇಳಿಸಿ ತಂಗಿ ಬಾಯಿ ಮುಚ್ಚಿಸ್ಬೇಕಂತ ಲೆಕ್ಕ ಹಾಕ್ದೆ. ಮನ್ಯಾಗ ಗೌರಾ ನನ್ನ ರೊಟ್ಟಿ ಬಡಿಯೋ ಸಪ್ಪಳಕ್ಕ ತಾಳ ಹಾಕ್ಕೋತ ವಚನ ಹೇಳ್ತಿದ್ಳು.

ಅಮಾಸಿ ದಿನ ಕಾಳು, ಸೊಪ್ಪು ಕೂಡ್ಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಹೊತ್ಗೊಂಡು ಹೋದೆವು. ಭೂಮಿತಾಯಿ ಬಸುರಿ ಅಂತ ಅವತ್ತು ಆಕಿ ಬಯಕಿ ತೀರ್ಸೋದು ನಮ್ಮ ಪದ್ಧತಿ. ಬೆಳಿ ಸುತ್ತ ಅಂಬಲಿ ಚಲ್ಲಿ ಬಂದು ಎಲ್ಲಾರೂ ಊಟಕ್ಕ ಕುಂತ್ರು. "ಗೌರಾ, ಹೇಳವಾ" ಅಂದೆ.

ಆಕಿ ನನ್ನ ನೋಡ್ದಳು, ಮಂದಿ ನೋಡ್ದಳು, ಹೋಗಿ ಅವ್ವನ ಸೆರಗಿನ್ಯಾಗ ಸೇರಿದಳು.

"ಮನ್ಯಾಗ ಕಲ್ತದ್ದು ಮನ್ಯಾಗೇ ಬಿಟ್ಟು ಬಂದಾಳ" ಅಂದಳು ತಂಗಿ. ಸವಿತಾನ ಕೈಯಾಗಿನ ತುತ್ತು ಕೈಯಾಗೇ ಉಳೀತು. ನನಗ ಸಿಟ್ಟು ಬಂತು. ತಂಗಿ ಮ್ಯಾಲ ಅಲ್ರಿ, ಕೂಸಿನ ಮ್ಯಾಲೇ ಬಂತು. ಯಾಕ ಸುಳ್ಳ ಹೇಳ್ಲಿ.

ತಂಗಿ ಅಷ್ಟಕ್ಕ ಬಿಡೋ ಪೈಕಿ ಅಲ್ಲ. "ಅಕ್ಕಾ, ನೀನೂ ಫೋನಿನ್ಯಾಗ ಬರಿಲಾಕ ಕಲ್ತೀಯಂತಲ್ಲ. ನನ್ನ ಹೆಸರು ಬರಿ ನೋಡಮ್."

ಫೋನ್ ತಗ್ದೆ. ಎಲ್ಲಾರೂ ಬಗ್ಗಿ ನನ್ನ ಬೆರಳೇ ನೋಡ್ಲತ್ತರು. ‘ಮ’ ಎಲ್ಲದ ಅಂತ ನೆಪ್ಪೇ ಆಗ್ಲಿಲ್ರಿ. ಗೌರಾನ ಮುಂಜಾನಿ ಹೊಟ್ಟಿನೋವು ಹ್ಯಾಂಗಿರ್ತಿತ್ತು ಅನ್ನೋದು ಈ ವಯಸ್ಸಿನಾಗ ನನಗ ತಿಳೀತು. ಬಸುರಿ ಭೂಮಿಗಿ ಉಣ್ಣಿಸಿ ಸುಮ್ಮನ ಮನಿಗಿ ಬರ್ತೇವಿ. "ಹೊಟ್ಟಿ ಒಳಗಿಂದು ಈಗೇ ತೋರ್ಸು" ಅಂತ ಯಾರೂ ಅನ್ನಲ್ಲ. ಅದೇ ಹೊಲದಾಗ ಕುಂತು ನಾ ಕೂಸಿಗಿ ಅದನ್ನೇ ಅಂದಿದ್ದೆ.

ಅಷ್ಟ್ರಾಗ ಸೆರಗಿನ ಹಿಂದಿಂದ ದನಿ ಬಂತು. "ಮಂದಿ ನೋಡಿದ್ರ ಅಜ್ಜಿಗಿ ಬರಲ್ಲ. ಮನ್ಯಾಗ ಬರ್ತದ. ನಾ ಕಲ್ಸೀನಿ, ನನಗ ಗೊತ್ತದ. ಸಣ್ಣಜ್ಜಿ, ನೀ ಆ ಕಡಿ ಮಾರಿ ಮಾಡು."

ಅಷ್ಟು ಮಂದಿ ಎದುರ ಗೌರಾ ಒಂದಕ್ಷರನೂ ತಡವರಿಸ್ಲಾರ್ದ ಅಂದಳು. ತಂಗಿ ಖರೇನೇ ಆ ಕಡಿ ಮಾರಿ ಮಾಡ್ದಳು, ಉಳಿದವರೂ ತಿರುಗಿದ್ರು. ನಾ ಆಕಿ ಹೆಸರು ಬರ್ದೆ. ಮಗ ಇನ್ನೊಮ್ಮಿ ಭಜ್ಜಿ ನೀಡಿಸ್ಕೊಂಡು, "ಜೂನಿಂದು ಜೂನಿಗಿ ನೋಡಮ್" ಅಂದ.

ಆ ವಚನ ಮಂದಿ ಇನ್ನೂ ಕೇಳಿಲ್ಲ, ನಾನೂ ಹೇಳು ಅಂದಿಲ್ಲ. ಮಗ್ಗಿ ತಪ್ಪಿದ್ರ ಈಗ ಆಕಿ ಮುಂದ ನಗಲ್ಲ. ತಡಿಲಾಕ ಆಗ್ಲಿಲ್ಲಂದ್ರ ಅಡಗಿ ಮನಿಗಿ ಹೋಗಿ ನಕ್ಕು ಬರ್ತೇನಿ. ಇದನ್ನೂ ಗ್ವಾಡಿ ಕಡಿ ಮಾರಿ ಮಾಡಿ ಬರೀಲತ್ತೀನಿ. ನಾ ಬರ್ದು ಮುಗಿಸಿದ ಮ್ಯಾಲೇ ನೀವು ಓದ್ರಿ.